ಬೆನ್ನಿನ ಅಳತೆ

"ಒಂದು ಸಲಕ್ಕೆ ಎಷ್ಟು ತೂಕ ಹೊರ್ತೀರಮ್ಮ?" ಎಂದು ಅಂಗಡಿಯ ಕನಯಾಮ ಕೇಳಿದರು.

ಒಬಿಹಿರೊ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬೇಟೆಯ ಸಾಮಾನು ಮಾರುವ ಅಂಗಡಿ ಅವರದು. ಬಂದವರಿಗೆಲ್ಲ ಕೇಳುವ ಪ್ರಶ್ನೆಗಳನ್ನೇ ನನಗೂ ಕೇಳುತ್ತಿದ್ದರು. ಬೆಳಗ್ಗೆ ಹೋಗಿ ಸಂಜೆ ಬರೋದಾ, ಕಾಡಲ್ಲೇ ಉಳಿಯೋದಾ? ಜಿಂಕೆ ಹೊಡೆದ್ರೆ ತೊಡೆ ತೊಡೆಯಾಗಿ ತರ್ತೀರಾ, ಮೂಳೆ ಬಿಡಿಸಿ ಬರೀ ಮಾಂಸ ತರ್ತೀರಾ?

"ಒಂದು ದಿನಕ್ಕೂ ಆಗ್ಬೇಕು, ನಾಲ್ಕೈದು ದಿನಕ್ಕೂ ಆಗ್ಬೇಕು," ಎಂದೆ.

"ಅದು ಸರಿ. ತೂಕ?"

ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಮಾವ ತಲೆ ಎತ್ತದೆ ಹೇಳಿದರು:

"ಜಿಂಕೆ ಅಲ್ಲಪ್ಪ. ನನ್ನ ಮಗನ್ನ ತರ್ಬೇಕು."

ಕನಯಾಮ ಕೈಯಲ್ಲಿದ್ದ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟರು. "ತೊಗಾಶಿ ಅವರ ಮನೆಯವರಾ?" ಎಂದರು. ಕಾಣೆಯಾದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ನಾನು ತಲೆಯಾಡಿಸಿದೆ. ಅವರು ಮತ್ತೇನೂ ಕೇಳದೆ ಅಳತೆಯ ಟೇಪು ತಂದರು.

ನನ್ನ ಗಂಡ ಇಕುಯಾ ನವೆಂಬರಿನ ಮೂರನೇ ಭಾನುವಾರ ಜಿಂಕೆ ಬೇಟೆಗೆ ಹೋದವರು ಮರಳಿ ಬರಲಿಲ್ಲ. ನಮ್ಮ ಮನೆಯ ಬಾಗಿಲ ಪಕ್ಕದ ಗೂಟಗಳಲ್ಲಿ ಅವರ ಎರಡು ಬ್ಯಾಗುಗಳು ನೇತಾಡುತ್ತಿದ್ದವು. ದೊಡ್ಡದರಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ ಎಲ್ಲವೂ ಸದಾ ಸಿದ್ಧವಿರುತ್ತಿತ್ತು. ಚಿಕ್ಕದು ಶಾಲೆಯ ಮಕ್ಕಳ ಚೀಲಕ್ಕಿಂತ ಒಂದು ಗೇಣು ಹೆಚ್ಚು. ಅವತ್ತು ಅವರು ಎರಡರ ಮುಂದೂ ನಿಂತು ಯೋಚಿಸುತ್ತಿದ್ದರು. ನಾನು ಅಡುಗೆಮನೆಯಿಂದಲೇ, "ರೀ, ಸಂಜೆ ಊಟಕ್ಕೆ ಬರೋರು ಮನೆನೇ ಹೊತ್ಕೊಂಡು ಹೋಗ್ತೀರಾ? ಚಿಕ್ಕದು ಸಾಕು," ಎಂದೆ. ಅವರು ನಕ್ಕು ಚಿಕ್ಕದನ್ನು ತೆಗೆದುಕೊಂಡರು. ಮಧ್ಯಾಹ್ನ ಎರಡಕ್ಕೆ ಹಿಮ ಶುರುವಾಯಿತು. ಕಾರು ಕಾಡಿನ ರಸ್ತೆಯ ಕೊನೆಯಲ್ಲಿ ಸಿಕ್ಕಿತು. ಪೊಲೀಸರು, ಬೇಟೆಗಾರರ ಸಂಘದವರು ಒಂಬತ್ತು ದಿನ ಹುಡುಕಿದರು. ಹತ್ತನೆಯ ದಿನ ಹಿಮ ಸೊಂಟ ಮುಟ್ಟಿತು. ಎಲ್ಲರೂ ನಮ್ಮ ಮುಂದೆ ತಲೆ ಬಾಗಿಸಿ ಮನೆಗೆ ಹೋದರು.

ಹಿಮ ಕರಗಲು ಶುರುವಾದ ಏಪ್ರಿಲಿನಲ್ಲಿ ನಾನೂ ಮಾವನೂ ಹುಡುಕಲು ಹೊರಟೆವು. ಹಿದಕಾ ಬೆಟ್ಟಗಳಲ್ಲಿ ಕಿರುಬಿದಿರು ಆಳೆತ್ತರ ಬೆಳೆಯುತ್ತದೆ. ಚಳಿಗಾಲದ ಹಿಮದ ಭಾರಕ್ಕೆ ಅದು ನೆಲಕ್ಕೆ ಒರಗಿರುತ್ತದೆ. ಹಿಮ ಹೋದ ಮೇಲೆ ಮೂರು ವಾರ ಹಾಗೇ ಮಲಗಿದ್ದು ಆಮೇಲೆ ಎದ್ದು ನಿಲ್ಲುತ್ತದೆ. ಎದ್ದಿತೆಂದರೆ ಮುಗಿಯಿತು, ಎರಡು ಹೆಜ್ಜೆ ಆಚೆ ಕರಡಿ ನಿಂತಿದ್ದರೂ ಕಾಣುವುದಿಲ್ಲ. ನಮಗಿದ್ದದ್ದು ಆ ಮೂರು ವಾರ ಮಾತ್ರ. ಹಾಲಿನ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ, ಗಂಡನ ದೊಡ್ಡ ಬ್ಯಾಗನ್ನೇ ಹೊತ್ತು ಎರಡು ವಾರ ತಿರುಗಿದೆ. ಅದು ಅವರ ಉದ್ದನೆಯ ಬೆನ್ನಿಗೆ ಹೊಂದಿದ ಬ್ಯಾಗು. ಸೊಂಟದ ಪಟ್ಟಿ ನನಗೆ ತೊಡೆಗೆ ಬರುತ್ತಿತ್ತು, ಭಾರವೆಲ್ಲ ಭುಜದ ಮೇಲೆಯೇ. ಎರಡೂ ಭುಜ ಸುಲಿದು ರಕ್ತ ಬಂದಮೇಲೆ ಮಾವ, "ಬಾ, ನಿನಗೊಂದು ತರೋಣ," ಎಂದು ಈ ಅಂಗಡಿಗೆ ಕರೆತಂದಿದ್ದರು.

ಕನಯಾಮ ನನ್ನ ಕುತ್ತಿಗೆಯ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳೆದರು. "ಚಿಕ್ಕ ಬೆನ್ನು. ಎಷ್ಟು ಲೀಟರ್ ಹಿಡಿಯುತ್ತೆ ಅಂತ ನೋಡಿ ಬ್ಯಾಗ್ ತಗೋಳೋರು ಮೋಸ ಹೋಗ್ತಾರೆ. ಮೊದಲು ಬೆನ್ನು ನೋಡ್ಬೇಕು," ಎಂದರು. ಹಗುರವಾದ ಒಂದನ್ನು ತೋರಿಸಿ ತಾವೇ ಬೇಡವೆಂದು ಪಕ್ಕಕ್ಕೆ ಸರಿಸಿದರು. ಒಬ್ಬ ಮನುಷ್ಯ ಒಳಗೆ ಕೂರುವಷ್ಟು ದೊಡ್ಡದನ್ನು ನನಗೆ ಹೊರಿಸಿದರು. ಒಂದು ದಿನದ ಸಾಮಾನಿಗೆ ಅದು ಖಾಲಿ ಗೋಣಿಯಂತೆ ಬೆನ್ನ ಮೇಲೆ ಆ ಕಡೆ ಈ ಕಡೆ ಓಲಾಡುತ್ತಿತ್ತು. ಕೊನೆಗೆ ಒಳಗಿನ ಕಪಾಟಿನಿಂದ ಕಂದು ಬಣ್ಣದ್ದೊಂದನ್ನು ತಂದರು. ಹಿಂದೆ ಲೋಹದ ಚೌಕಟ್ಟು, ಅದಕ್ಕೆ ಕಟ್ಟಿದ ಚೀಲ. ಪಟ್ಟಿಗಳನ್ನು ಎಳೆದರೆ ಚೀಲ ಚಪ್ಪಟೆಯಾಗಿ ಬೆನ್ನಿಗೆ ಅಂಟುತ್ತಿತ್ತು, ಬಿಟ್ಟರೆ ಐದು ದಿನದ ಸಾಮಾನು ಹಿಡಿಯುತ್ತಿತ್ತು. ಬಟ್ಟೆ ಕೊಂಬೆಗೆ ಉಜ್ಜಿದರೂ ಸದ್ದಿಲ್ಲ. ಒಳಗೆ ಇಪ್ಪತ್ತು ಕಿಲೋ ಮರಳು ತುಂಬಿ ನನ್ನನ್ನು ಅಂಗಡಿಯ ಮೆಟ್ಟಿಲು ಹತ್ತಿಸಿ ಇಳಿಸಿದರು. ಮೊದಲ ಸಲ ಭಾರ ಸೊಂಟದ ಮೇಲೆ ಕೂತಿತು.

"ಇನ್ನೊಂದಿದೆ. ಚೌಕಟ್ಟಿಗೂ ಚೀಲಕ್ಕೂ ಮಧ್ಯೆ ಈ ಜಾಗ ಇದ್ಯಲ್ಲ, ಇದು ಮಾಂಸ ಕಟ್ಟೋಕೆ..." ಅವರು ಅಲ್ಲಿಗೇ ನಿಲ್ಲಿಸಿ ನೆಲ ನೋಡಿದರು. "ಕ್ಷಮಿಸಿ."

"ಇಲ್ಲ, ಹೇಳಿ. ಎಷ್ಟು ತಡೆಯುತ್ತೆ?"

"ಐವತ್ತು ಕಿಲೋ."

ನನ್ನ ಗಂಡ ಎಪ್ಪತ್ತೊಂದು ಕಿಲೋ ಇದ್ದರು. ಹಿಮದಲ್ಲಿ ಐದು ತಿಂಗಳಾದ ಮೇಲೆ ಎಷ್ಟಿರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೇನೆಂದು ಗೊತ್ತಾದಾಗ ಪಟ್ಟಿ ಬಿಚ್ಚಿ ಬ್ಯಾಗನ್ನು ಕೆಳಗಿಳಿಸಿದೆ.

"ನಿನಗ್ಯಾಕಮ್ಮ ಅದೆಲ್ಲ? ಹೊರೋನು ನಾನಿದ್ದೀನಿ. ನನ್ನ ಶೊಯಿಕೊ ಇದೆ," ಎಂದರು ಮಾವ. ಶೊಯಿಕೊ ಎಂದರೆ ಅವರ ಅಪ್ಪನ ಕಾಲದ, ಬೆನ್ನಿಗೆ ಕಟ್ಟುವ ಮರದ ಚೌಕಟ್ಟು. ಇಸಾಮು ಮಾವನಿಗೆ ಎಪ್ಪತ್ಮೂರು. ಸ್ಟೂಲಿನಿಂದ ಏಳುವುದಕ್ಕೇ ಎರಡು ಸಲ ಪ್ರಯತ್ನಿಸಬೇಕಿತ್ತು.

ಆ ಬ್ಯಾಗನ್ನೇ ತೆಗೆದುಕೊಂಡೆವು.

ಮೊದಲ ನಾಲ್ಕು ದಿನ ಬೆಳಗ್ಗೆ ಹೋಗಿ ಸಂಜೆ ಬಂದೆವು. ಕಾರು ಸಿಕ್ಕಿದ ಜಾಗದಿಂದ ಒಂದೊಂದೇ ಕೊರಕಲು ಹತ್ತಿ ಇಳಿದೆವು. ಕರಡಿಗಳು ಗುಹೆಯಿಂದ ಹೊರಬರುವ ಕಾಲ. ಸದ್ದಿಗೆ ಅವು ದೂರ ಸರಿಯಲೆಂದು ಇಬ್ಬರ ಸೊಂಟದಲ್ಲೂ ಗಂಟೆ. ಮಾವ ಮುಂದೆ ನಡೆಯುತ್ತ ಒಮ್ಮೆ ತಿರುಗಿ ನನ್ನ ಬೆನ್ನು ನೋಡಿ, "ನಿನ್ನ ಬ್ಯಾಗು ನಮ್ಮ ಸಂಘದ ಅಧ್ಯಕ್ಷರ ಹೊಟ್ಟೆ ಥರ ಕಣೇ. ಮನೇಲಿದ್ರೆ ಒಳಗೋಗಿರುತ್ತೆ, ಔತಣಕ್ಕೆ ಹೋದ್ರೆ ಹೊರಗೆ ಬರುತ್ತೆ," ಎಂದರು. ನಾನು ನಕ್ಕೆ. ನಕ್ಕದ್ದಕ್ಕೆ ಕೂಡಲೇ ನಾಚಿಕೆಯಾಯಿತು. ಅವರಿಗೂ ಆಗಿರಬೇಕು, ಥಟ್ಟನೆ ಮುಂದಕ್ಕೆ ತಿರುಗಿ ನಡೆದರು.

ನಾಲ್ಕನೆಯ ಸಂಜೆ ಕಾರಿನಲ್ಲಿ ಕೂತು ಮಾವ, "ಇಲ್ಲಿಲ್ಲ ಅವನು. ಶಿಖರದ ಆಚೆ ಇದಾನೆ," ಎಂದರು.

"ಆಚೆಗೆ ಯಾಕೆ ಹೋಗ್ತಾರೆ ಮಾವ? ಸಂಜೆಗೆ ಬರ್ತೀನಿ ಅಂದಿದ್ರು."

"ಗುಂಡು ತಾಗಿದ ಜಿಂಕೆ ಓಡಿದ್ರೆ ಹಿಂದೇನೇ ಹೋಗ್ತಾನೆ. ನೋವಲ್ಲಿರೋ ಪ್ರಾಣಿನ ಬಿಟ್ಟು ಬರ್ಬಾರ್ದು ಅಂತ ಹೇಳ್ಕೊಟ್ಟೋನು ಯಾರು? ನಾನೇ." ಅವರು ಮುಷ್ಟಿಯಿಂದ ತಮ್ಮ ಮಂಡಿಗೆ ಗುದ್ದಿಕೊಂಡರು. "ಹಾಳಾದ ಬಾಯಿ. ಬಿಟ್ಟು ಬಾರಪ್ಪಾ ಅಂತ ಒಂದು ಸಲನಾದ್ರೂ ಹೇಳಿದ್ರೆ..."

ಅಡುಗೆಮನೆಯಿಂದ ನಾನಾಡಿದ ಮಾತನ್ನು ಅವರಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಅವರು ಸೀಟಿನ ಪಟ್ಟಿ ಎಳೆದು ಹಾಕಿಕೊಂಡು, "ಕಾರು ಶುರು ಮಾಡು," ಎಂದಷ್ಟೇ ಹೇಳಿದರು.

ಮೇ ಮೊದಲ ವಾರದ ರಜೆಯಲ್ಲಿ ಐದು ದಿನಕ್ಕೆಂದು ಹೊರಟೆವು. ಬ್ಯಾಗಿನ ಪಟ್ಟಿಗಳನ್ನೆಲ್ಲ ಸಡಿಲಿಸಿ ಟೆಂಟು, ಅಕ್ಕಿ, ಸಾರಿಗೆ ಸೋಯಾಕಾಳಿನ ಮಿಸೊ, ಒಣಮೀನು, ಒಲೆ ತುಂಬಿದೆ. ಶಿಖರ ದಾಟಲು ಒಂದು ದಿನ ಹಿಡಿಯಿತು. ಎರಡನೆಯ ದಿನ ಆಚೆಯ ಕಣಿವೆಯ ಪಕ್ಕದ ಕೊರಕಲುಗಳನ್ನು ನೋಡಿದೆವು. ಬಿಸಿಲು ಬಿದ್ದ ಕಡೆಯೆಲ್ಲ ಬಿದಿರು ತಲೆ ಎತ್ತತೊಡಗಿತ್ತು. ಬೆಳಗ್ಗೆ ಮಲಗಿದ್ದದ್ದು ಮಧ್ಯಾಹ್ನಕ್ಕೆ ಮೊಣಕಾಲೆತ್ತರ. ನನ್ನ ಕಣ್ಣೆದುರೇ ಬಾಗಿಲು ಮುಚ್ಚಿಕೊಳ್ಳುತ್ತಿರುವಂತಿತ್ತು. ಬಿದಿರನ್ನು ಎರಡೂ ಕೈಯಿಂದ ಸರಿಸುತ್ತ, ಅವರ ಹೆಸರು ಕೂಗುತ್ತ ಓಡತೊಡಗಿದೆ. ಸತ್ತವರನ್ನು ಕೂಗುತ್ತಿದ್ದೇನೆಂದು ಗೊತ್ತಿದ್ದೂ ಕೂಗಿದೆ. ಮಾವ ತಡೆಯಲಿಲ್ಲ.

ಮೂರನೆಯ ಬೆಳಗ್ಗೆ ಮಾವನ ಬಲಮಂಡಿ ಕುಂಬಳಕಾಯಿಯಂತೆ ಊದಿತ್ತು.

"ಸಾಕು ಮಾವ. ವಾಪಸ್ ಹೋಗೋಣ."

"ನೀನು ಹೋಗು."

"ನಿಮ್ಮ ಕಾಲು ನೋಡ್ಕೊಳ್ಳಿ ಮೊದ್ಲು!"

"ನೋಡ್ಕೊಂಡು ಏನ್ಮಾಡ್ಲಿ? ಮುಂದಿನ ವಾರ ಬಂದ್ರೆ ಇಲ್ಲಿ ಹಸಿರು ಗೋಡೆ ಇರುತ್ತೆ. ಇವತ್ತೇ. ತೆವಳ್ಕೊಂಡಾದ್ರೂ ಇವತ್ತೇ." ಎಪ್ಪತ್ಮೂರರ ಮನುಷ್ಯ ಕೋಲೂರಿ, ಹಲ್ಲು ಕಚ್ಚಿ, ತೊರೆಯ ಪಕ್ಕ ಹೊರಟೇಬಿಟ್ಟರು.

ಹತ್ತು ಗಂಟೆಯ ಸುಮಾರಿಗೆ ಮೊದಲು ಕಂಡದ್ದು ಮಾವನಿಗೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಅಲ್ಲಿನ್ನೂ ಹಿಮ ಉಳಿದಿತ್ತು. ಬುಡಮೇಲಾದ ದೇವದಾರು ಮರದ ಬೇರುಗಳ ಕೆಳಗೆ ಬೇಟೆಗಾರರು ತೊಡುವ ಕಿತ್ತಳೆ ಅಂಗಿಯ ತುಣುಕು. ಬಂದೂಕು ಬೇರಿಗೆ ನೀಟಾಗಿ ಒರಗಿಸಿಟ್ಟಿತ್ತು. ಪಕ್ಕದ ಕಲ್ಲಿನ ಮೇಲೆ ಹೊರತೆಗೆದ ಗುಂಡುಗಳು ಸಾಲಾಗಿದ್ದವು. ಹುಡುಕಲು ಬಂದವರಿಗೆ ಅಪಾಯವಾಗಬಾರದೆಂದು ಅಷ್ಟರಲ್ಲೂ ಯೋಚಿಸಿದ್ದರು. ಹಿಮ ಅವರನ್ನು ಕಾಪಾಡಿತ್ತು. ಮಲಗಿದಂತಿದ್ದರು, ಮುಖ ತೋಳಿನೊಳಗೆ.

ಅವರು ಎರಡೂ ಕಾಲುಗಳನ್ನು ಚಿಕ್ಕ ಬ್ಯಾಗಿನೊಳಗೆ ತೂರಿಸಿ ದಾರವನ್ನು ಬಿಗಿಯಾಗಿ ಎಳೆದಿದ್ದರು. ಬೆಚ್ಚಗಿರಲೆಂದು. ಬ್ಯಾಗು ಮೀನಖಂಡದವರೆಗೆ ಮಾತ್ರ ಬಂದಿತ್ತು.

ನಾನು ಹಿಮದ ಮೇಲೆ ಕೂತು ಆ ಬ್ಯಾಗನ್ನು ಅಪ್ಪಿಕೊಂಡೆ. ಎಷ್ಟು ಹೊತ್ತೋ ತಿಳಿಯದು. ಮಾವ ಮಗನ ತಲೆಯ ಹತ್ತಿರ ಕೂತು, ಮಗುವಿನ ಕೂದಲು ಸರಿಮಾಡುವಂತೆ ಟೋಪಿಯ ಹಿಮ ಒರೆಸುತ್ತಿದ್ದರು. "ಬಂದ್ವಿ ಕಣೋ. ತಡ ಆಯ್ತು," ಎನ್ನುತ್ತಿದ್ದರು.

ಆಮೇಲೆ ನನಗೆ ಹುಚ್ಚು ಹಿಡಿಯಿತು. ನನ್ನ ಬ್ಯಾಗಿನ ಸಾಮಾನನ್ನೆಲ್ಲ ಹೊರಗೆ ಸುರಿದೆ. ಚೀಲವನ್ನು ಚೌಕಟ್ಟಿನಿಂದ ಬಿಡಿಸಿದೆ. "ಎತ್ತಿ ಮಾವ, ಕಟ್ಟೋಣ. ಇವತ್ತೇ ಕರ್ಕೊಂಡು ಹೋಗೋಣ. ಇನ್ನೊಂದು ದಿನ ಇಲ್ಲಿ ಬಿಡಲ್ಲ ನಾನು."

"ಸಯೋ," ಮಾವ ನನ್ನ ಹೆಸರು ಹಿಡಿದು ಕರೆದರು.

"ಎತ್ತಿ ಅಂದ್ನಲ್ಲ!"

"ಸಯೋ, ಕೇಳಿಲ್ಲಿ." ಮಾವ ನನ್ನ ಎರಡೂ ಕೈ ಹಿಡಿದರು. ತಾವೇ ಹೊರುತ್ತೇನೆಂದು ಅಂಗಡಿಯಲ್ಲಿ ಹಟ ಮಾಡಿದವರು ಈಗ ಅಳುತ್ತ ಹೇಳಿದರು: "ನನ್ನ ಕೈಲಾಗಲ್ಲ. ನಿನ್ನ ಕೈಲೂ ಆಗಲ್ಲ. ಕೆಳಗೆ ಎರಡು ಕಡೆ ತೊರೆ ದಾಟ್ಬೇಕು, ಹಿಮ ಕರಗಿದ ನೀರು ಸೊಂಟದ ತನಕ ಇದೆ. ನೀನೂ ಬಿದ್ರೆ ಯಾರನ್ನ ಹುಡುಕ್ಲಿ ನಾನು? ಇನ್ನೊಬ್ಬರನ್ನ ಹುಡುಕೋ ಶಕ್ತಿ ನನಗಿಲ್ಲ ಕಣಮ್ಮ."

ನಾನು ಅವರ ಎದೆಗೆ ಗುದ್ದಿದೆ. ಅವರು ಗುದ್ದಿಸಿಕೊಂಡರು.

ತೊರೆಯ ದಾರಿ ಹಿಡಿದು ನೇರವಾಗಿ ಇಳಿದರೆ ಅಣೆಕಟ್ಟಿನ ಹತ್ತಿರ ಫೋನಿಗೆ ಸಿಗ್ನಲ್ ಸಿಗುತ್ತದೆ, ಒಂಬತ್ತು ಗಂಟೆಯ ನಡಿಗೆ. ನಾಳೆ ಬೆಳಕು ಹರಿದೊಡನೆ ನಾನು ಹೋಗುವುದು, ಮಾವ ಮಗನ ಜೊತೆ ಇರುವುದು ಎಂದು ತೀರ್ಮಾನವಾಯಿತು. ಮರುದಿನ ನಾನು ಎಲ್ಲವನ್ನೂ ಅವರಿಗೇ ಬಿಟ್ಟು ನೀರು, ಮಳೆಯಂಗಿ ಮಾತ್ರ ತೆಗೆದುಕೊಂಡೆ.

"ಸ್ಲೀಪಿಂಗ್ ಬ್ಯಾಗ್ ಹಾಕ್ಕೋ. ಒಲೆ ಹಾಕ್ಕೋ," ಎಂದರು ಮಾವ.

"ಸಂಜೆಗೆ ತಲುಪ್ತೀನಿ ಮಾವ, ಒಂದೇ ದಿನ..."

"ಆ ಮಾತು ಆಡ್ಬೇಡ!" ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅವರೇ ಬಗ್ಗಿ ನನ್ನ ಬ್ಯಾಗಿಗೆ ಸ್ಲೀಪಿಂಗ್ ಬ್ಯಾಗು, ಒಲೆ, ಎರಡು ದಿನದ ಅಕ್ಕಿ ತುಂಬಿ ಪಟ್ಟಿಗಳನ್ನು ಎಳೆದು ಕಟ್ಟಿದರು. ಟೆಂಟು ಮಾತ್ರ ಉಳಿಸಿಕೊಂಡರು.

ಮೊದಲ ತೊರೆಯಲ್ಲಿ ಕಾಲು ಜಾರಿ ಎದೆಯವರೆಗೆ ನೆನೆದೆ. ಎರಡನೆಯದನ್ನು ದಾಟಲು ಧೈರ್ಯ ಬಾರದೆ ಒಂದು ಗಂಟೆ ದಡದಲ್ಲಿ ನಡುಗುತ್ತ ನಿಂತೆ. ಒಲೆ ಹಚ್ಚಿ ಬಿಸಿನೀರು ಕುಡಿದ ಮೇಲೆ ದಾಟಿದೆ. ಅಣೆಕಟ್ಟಿನ ಗೋಡೆಯ ಮೇಲೆ ಫೋನು ಹಿಡಿದಾಗ ಆ ಕಡೆಯ ಪೊಲೀಸಿನವರಿಗೆ ನನ್ನ ಮಾತು ಅರ್ಥವಾಗಲು ಮೂರು ಸಲ ಹೇಳಬೇಕಾಯಿತು, ಹಲ್ಲು ಅಷ್ಟು ಕಟಕಟ ಎನ್ನುತ್ತಿತ್ತು.

ಮಾರನೆಯ ದಿನ ಮಂಜು ಕವಿದು ಹೆಲಿಕಾಪ್ಟರ್ ಹಾರಲಿಲ್ಲ. ಪೊಲೀಸರು, ಸಂಘದವರು ಸೇರಿ ಹನ್ನೊಂದು ಜನ ನಡೆದೇ ಹೊರಟರು. ಬೇಡವೆಂದರೂ ನಾನು ಜೊತೆಗೆ ಹೋದೆ. ಸಂಜೆಯ ಹೊತ್ತಿಗೆ ತಲುಪಿದೆವು. ಮಾವ ಟೆಂಟನ್ನು ಮಗನ ಮೇಲೆ ಹೊದಿಸಿ, ತಾವು ಹೊರಗೆ ಬೇರಿಗೆ ಒರಗಿ ಕೂತಿದ್ದರು. ತುಟಿ ನೀಲಿಯಾಗಿತ್ತು. ನಾನು ಬೈಯಬೇಕೆಂದಿದ್ದವಳು ಸ್ಲೀಪಿಂಗ್ ಬ್ಯಾಗು ತೆಗೆದು ಅವರಿಗೆ ಹೊದಿಸಿದೆ.

ರಾತ್ರಿ ಅಲ್ಲೇ ಕಳೆದು, ಬೆಳಗ್ಗೆ ಆರು ಜನ ಇಕುಯಾ ಅವರನ್ನು ಹೊತ್ತರು. ಮಂಡಿ ಮಡಚಲಾಗದ ಮಾವನನ್ನು ಒಬ್ಬ ಗಟ್ಟಿಮುಟ್ಟಾದ ಪೊಲೀಸಿನವರು ಬೆನ್ನ ಮೇಲೆ ಹೊತ್ತರು. "ನಲವತ್ತು ಜಿಂಕೆ ಹೊತ್ತವನು ನಾನು, ನನ್ನನ್ನೇ ಜಿಂಕೆ ಮಾಡಿದ್ರಲ್ಲಪ್ಪ," ಎಂದು ಮಾವ ಗೊಣಗಿದರು. ಆಮೇಲೆ ಹೊತ್ತವರ ಭುಜದಲ್ಲಿ ಮುಖ ಹುದುಗಿಸಿದರು.

ಎರಡನೆಯ ತೊರೆ ದಾಟಿ ಎಲ್ಲರೂ ಕುಳಿತಾಗ ಸಂಘದವರೊಬ್ಬರು ಅನ್ನದುಂಡೆಗಳನ್ನು ಹಂಚಿದರು. ನವೆಂಬರಿನಿಂದ ಮಾವ ನಾನು ಬಲವಂತ ಮಾಡಿದಾಗ ಮಾತ್ರ ತಿನ್ನುತ್ತಿದ್ದವರು. ಈಗ ತಾವಾಗಿಯೇ ಕೈ ಚಾಚಿ ಒಂದನ್ನು ತೆಗೆದುಕೊಂಡು, ಹೊದಿಸಿದ ಮಗನ ಪಕ್ಕ ಕೂತು ನಿಧಾನವಾಗಿ ತಿಂದರು. ಬೆರಳಿಗಂಟಿದ ಅಗುಳನ್ನೂ ಬಿಡಲಿಲ್ಲ.

"ಇನ್ನೊಂದಿದೆಯಾ?" ಎಂದು ಕೇಳಿದರು.

ನನ್ನ ಪಾಲಿನದನ್ನು ಕೊಟ್ಟೆ.