ಮಡಿಕೆ ಬಿಡದ ಫ್ರಾಕು

ಹೊಳೆನರಸೀಪುರದ ಅರ್ಧ ಊರಿನ ಹೆಂಗಸರ ಅಳತೆ ಮಾಯಮ್ಮನ ಬೆರಳ ತುದಿಯಲ್ಲಿತ್ತು. ಕೋಟೆಯಿಂದ ಪೇಟೆಯವರೆಗೆ ಯಾರ ತೋಳು ಎಷ್ಟು ದಪ್ಪ, ಬಾಣಂತನ ಮುಗಿಸಿಕೊಂಡು ಬಂದವರಲ್ಲಿ ಯಾರ ಸೊಂಟ ಎಷ್ಟು ಹಿಗ್ಗಿದೆ ಎಂಬುದನ್ನು ಅವರು ಮೆಟ್ಟಿಲು ಹತ್ತುವಾಗಲೇ ಕಣ್ಣಳತೆಯಲ್ಲಿ ಹೇಳಿಬಿಡುತ್ತಿದ್ದಳು. ಕೊರಳಲ್ಲಿ ತಾಳಿಯ ಜೊತೆ ಟೇಪೂ ಸದಾ ಜೋತುಬಿದ್ದಿರುತ್ತಿತ್ತು. ಆದರೆ ಆ ಟೇಪನ್ನು ತನ್ನ ಸ್ವಂತ ಮಗಳ ಮೈಗೆ ಇಟ್ಟು ವರ್ಷದ ಮೇಲಾಗಿತ್ತು.

ಮಗಳು ಮಾನಸಾಗೆ ಒಂಬತ್ತು ತುಂಬಿತ್ತು. ನೋಡಿದವರು ಆರು ಅನ್ನುತ್ತಿದ್ದರು. ಅಪ್ಪ ನಂಜುಂಡೇಶ್ ಸರ್ಕಾರಿ ಬಸ್ಸಿನ ಕಂಡಕ್ಟರು. "ನನ್ ಮಗಳ್ಗೆ ಮದ್ವೆ ಆದ್ರೂವೆ ಅರ್ಧ ಟಿಕೆಟ್ಟೇ ಕಣ್ಲಾ" ಎಂದು ಡ್ರೈವರ್ ಜೊತೆ ನಗೆಯಾಡುತ್ತಿದ್ದ. ಆ ಮಾತು ಮನೆಗೆ ಬಂದು ಮುಟ್ಟಿದ ದಿನ ಮಾಯಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮೊದಲೆಲ್ಲ ಪ್ರತಿ ಯುಗಾದಿಗೆ ಮಗುವನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಆಮೇಲಾಮೇಲೆ ಗೆರೆಯ ಮೇಲೇ ಗೆರೆ ಬಿದ್ದು ದಪ್ಪವಾಯಿತೇ ಹೊರತು ಮೇಲಕ್ಕೇರಲಿಲ್ಲ. ಹಾಸನದ ಡಾಕ್ಟರು ಮುಂಗೈಯ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, "ಕೆಲವು ಮಕ್ಕಳು ನಿಧಾನ ಕಣಮ್ಮ, ಕಾಯಿರಿ" ಎಂದು ಟಾನಿಕ್ಕು ಬರೆದುಕೊಟ್ಟಿದ್ದರು. ಟಾನಿಕ್ಕಿನ ಬಾಟಲಿಗಳು ಖಾಲಿಯಾಗಿ ಅಟ್ಟ ಸೇರಿದವು. ಕಾಯುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಮಾಯಮ್ಮನ ಕಸುವೆಲ್ಲ ಹೊಲಿಗೆ ಮಿಷನ್ನಿನ ಪೆಡಲಿಗೆ ಹೋಗುತ್ತಿತ್ತು.

ಬೆಳೆಯುವ ಹುಡುಗಿಯ ಫ್ರಾಕಿಗೆ ಅಂಚಿನ ಒಳಗಡೆ ಎರಡು ಮೂರು ಮಡಿಕೆ ಬಿಟ್ಟು ಹೊಲಿಯುವುದು, ಹುಡುಗಿ ಉದ್ದವಾದ ಹಾಗೆಲ್ಲ ಒಂದೊಂದೇ ಬಿಚ್ಚಿ ಇಳಿಬಿಡುವುದು ಎಲ್ಲರ ಮನೆಯ ಪದ್ಧತಿ. ಮಾಯಮ್ಮನೂ ವರ್ಷವರ್ಷ ಬಿಡುತ್ತಿದ್ದಳು. ಬಿಚ್ಚುವ ಕಾಲ ಮಾತ್ರ ಬರುತ್ತಿರಲಿಲ್ಲ. ಫ್ರಾಕು ಮಾಸಿ, ತೆಳುವಾಗಿ, ಕೊನೆಗೆ ಒಲೆಕಟ್ಟೆ ಒರೆಸುವುದಕ್ಕೆ ಬಿದ್ದಾಗಲೂ ಮಡಿಕೆಯೊಳಗಿನ ಬಟ್ಟೆ ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಅದನ್ನು ನೋಡಿದರೆ ಅವಳಿಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಡಿಸೆಂಬರಿನ ಒಂದು ಬೆಳಿಗ್ಗೆ ಮಾನಸಾಳ ಕ್ಲಾಸಿನ ಟೀಚರು ಅಂಬುಜಮ್ಮ ರವಿಕೆ ಬಟ್ಟೆ ಹಿಡಿದುಕೊಂಡು ಬಂದರು.

"ಮಾಯಮ್ಮ, ಸ್ಕೂಲ್ ಡೇಗೆ ನಮ್ಮ ಕ್ಲಾಸಿನ ಹುಡುಗೀರದ್ದು ಡ್ಯಾನ್ಸ್ ಇದೆ. ಹಳೇ ಕಾಲದ ಹೂವಿನ ಫ್ರಾಕು ಬೇಕು. ನಾವು ಚಿಕ್ಕೋರಿದ್ದಾಗ ಹಾಕ್ಕೊಳ್ತಿದ್ವಲ್ಲ, ಬುಗ್ಗೆ ತೋಳು, ತುಂಬ ನೆರಿಗೆ, ಹಿಂದುಗಡೆ ಕಟ್ಟೋ ಪಟ್ಟಿ, ಅಂಥದ್ದು."

"ನೀವು ಆಕ್ಕೊತಿದ್ರಿ ಮೇಡಮ್ಮೋರೆ. ನಮ್ಗೆ ಅಣ್ಣನ ಅಳೇ ಅಂಗಿನೇ ಫ್ರಾಕು" ಎಂದು ಮಾಯಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ಬಿಡದೆಯೇ ಅಂದಳು.

ಅಂಬುಜಮ್ಮ ನಕ್ಕರು. "ಮಾನಸಾನ ಮುಂದಿನ ಸಾಲಲ್ಲೇ ನಿಲ್ಲಿಸ್ತೀನಿ. ಪುಟಾಣಿ ಅಲ್ವಾ, ಹಿಂದೆ ನಿಂತ್ರೆ ಕಾಣಿಸೋದೇ ಇಲ್ಲ."

ಅವರು ಕೆಟ್ಟದ್ದೆಣಿಸಿ ಹೇಳಿದ್ದಲ್ಲ. ಆದರೂ ಅವರು ಹೋದ ಮೇಲೆ ಮಾಯಮ್ಮ ಸ್ವಲ್ಪ ಹೊತ್ತು ಪೆಡಲು ತುಳಿಯಲಿಲ್ಲ.

ಮಾನಸಾಗೆ ತನ್ನ ಫ್ರಾಕು ಹೇಗಿರಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಗುಂಡಿ ಡಬ್ಬಿಯ ಮುಚ್ಚಳ ತಂದು ಅಮ್ಮನ ಮುಂದೆ ಹಿಡಿದಳು. ಅವಳ ತಾತ ಯಾವ ಕಾಲದಲ್ಲೋ ಹಾಸನದಿಂದ ತಂದ ಮಿಠಾಯಿ ಡಬ್ಬಿ ಅದು. ಮಿಠಾಯಿ ತಿಂದವರು ಅರ್ಧ ಜನ ಸತ್ತೂ ಹೋಗಿದ್ದರು. ಮುಚ್ಚಳದ ಮೇಲೆ ಹೂವಿನ ಫ್ರಾಕು ತೊಟ್ಟ ಒಬ್ಬಳು ಹುಡುಗಿ. ಬುಗ್ಗೆ ತೋಳು, ಎದೆಯ ಕೆಳಗೇ ಬಿಗಿದ ಪಟ್ಟಿ, ಅಲ್ಲಿಂದ ಕೊಡೆಯಂತೆ ಬಿಚ್ಚಿಕೊಂಡ ನೆರಿಗೆ. ಅಜ್ಜಿ ಪುಟ್ಟಲಕ್ಷ್ಮಮ್ಮ ಮೊಮ್ಮಗಳಿಗೆ ಆ ಹುಡುಗಿಯ ಕತೆ ಹೇಳುತ್ತಿದ್ದಳು. ಏಳು ಸಮುದ್ರದ ಆಚೆಯ ರಾಜನ ಮಗಳಂತೆ, ಮಲತಾಯಿ ಅವಳನ್ನು ಡಬ್ಬಿಯೊಳಗೆ ಕೂಡಿಹಾಕಿದಳಂತೆ, ಹಸಿವಾದಾಗ ಗುಂಡಿಗಳನ್ನೇ ತಿಂದು ಬದುಕುತ್ತಾಳಂತೆ. "ಅದ್ಕೇ ಕಣ್ ಮಗ, ನಿಮ್ಮವ್ವ ಉಡುಕ್ದಾಗ್ಲೆಲ್ಲ ಒಂದ್ ಗುಂಡಿ ಕಮ್ಮಿ ಇರ್ತದೆ."

ಮಾಯಮ್ಮನಿಗೆ ಆ ಹುಡುಗಿಯನ್ನು ಕಂಡರೆ ಆಗುತ್ತಿರಲಿಲ್ಲ. ತಾನು ಸೊಸೆಯಾಗಿ ಬಂದಾಗಲೂ ಅವಳು ಇಷ್ಟೇ ಇದ್ದಳು, ಈಗಲೂ ಇಷ್ಟೇ.

ಚನ್ನರಾಯಪಟ್ಟಣದ ಕಟ್‌ಪೀಸ್ ಅಂಗಡಿಯಿಂದ ನಂಜುಂಡೇಶ್ ಬಟ್ಟೆ ತಂದ. ಕೆನೆ ಬಣ್ಣದ ತೆಳು ಹತ್ತಿ ಬಟ್ಟೆ, ಮೇಲೆ ತೊಟ್ಟುಸಮೇತ ಎದ್ದು ನಿಂತ ಚಿಕ್ಕ ಚಿಕ್ಕ ಕೆಂಪು ಹೂವು. ಚೆನ್ನಾಗಿತ್ತು, ಅದನ್ನು ಮಾಯಮ್ಮ ಒಪ್ಪಿಕೊಂಡಳು. ಬಿಡಿಸಿ ನೋಡಿದರೆ ಒಂದೂವರೆ ಮೀಟರಿಗೂ ಒಂದು ಗೇಣು ಕಮ್ಮಿ.

"ಇದೇನ್ ಕರ್ಚೀಪ್ ತಂದಿದ್ದೀರಾ?"

"ಥಾನು ಮುಗ್ದೋಯ್ತಂತೆ ಮಾಯಿ, ಇದೇ ಕೊನೇ ತುಂಡಂತೆ. ಅವ್ಳೆಷ್ಟುದ್ದ ಅವಳೆ, ಸಾಕಾಯ್ತದೆ ಬುಡು."

ಮಾಯಮ್ಮ ಬಟ್ಟೆಯನ್ನು ಮಡಚಿ ಮಿಷನ್ನಿನ ಮೇಲಿಟ್ಟಳು.

ಭಾನುವಾರ ಮಧ್ಯಾಹ್ನ ಗಿರಾಕಿಗಳ ರವಿಕೆಗಳನ್ನು ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಹೂವಿನ ಬಟ್ಟೆ ಹರಡಿ ಕುಳಿತಳು. ಮಂಡಿ ನೋಯುತ್ತಿತ್ತು, ಬೆನ್ನು ನೋಯುತ್ತಿತ್ತು, ಕಣ್ಣೊಳಗೆ ಮರಳು ಬಿದ್ದ ಹಾಗಿತ್ತು. ಬೇರೆ ಬಟ್ಟೆಯಾಗಿದ್ದರೆ ಒಂದು ತುಂಡನ್ನು ಮೇಲುಮುಖವಾಗಿ, ಇನ್ನೊಂದನ್ನು ಕೆಳಮುಖವಾಗಿ ಇಟ್ಟು ಒಂದರ ಸಂದಿಯಲ್ಲಿ ಇನ್ನೊಂದನ್ನು ಹೊಂದಿಸಬಹುದಿತ್ತು. ಇಲ್ಲಿ ಹಾಗೆ ಮಾಡಿದರೆ ಬೆನ್ನ ಮೇಲೆ ಹೂವೆಲ್ಲ ತಲೆಕೆಳಗಾಗಿ ನೇತಾಡುತ್ತವೆ. ಹಳೆಯ ನ್ಯೂಸ್ ಪೇಪರಿನಲ್ಲಿ ಕತ್ತರಿಸಿದ ತೋಳು, ಎದೆ, ಪಟ್ಟಿಗಳನ್ನು ಅತ್ತ ಇಟ್ಟಳು, ಇತ್ತ ಇಟ್ಟಳು. ಎಷ್ಟು ಹೊಂದಿಸಿದರೂ ಲೆಕ್ಕ ಒಂದೇ. ನೆರಿಗೆ ಮತ್ತು ಪಟ್ಟಿ ಬೇಕಾದರೆ ಅಂಚಿನ ಮಡಿಕೆಗೆ ಬಟ್ಟೆಯಿಲ್ಲ. ಮಡಿಕೆ ಬಿಟ್ಟರೆ ಡಬ್ಬಿ ಹುಡುಗಿಯ ಫ್ರಾಕಾಗುವುದಿಲ್ಲ.

ಅಳತೆಗೆಂದು ಪೆಟ್ಟಿಗೆಯಿಂದ ಹೋದ ವರ್ಷದ ದೀಪಾವಳಿಯ ಹಳದಿ ಫ್ರಾಕು ತೆಗೆದಳು. ಗಿರಾಕಿಗಳು ಅಳತೆ ರವಿಕೆ ತಂದುಕೊಡುವುದಿಲ್ಲವೆ, ಹಾಗೆ. ಈ ವರ್ಷದ ಹಬ್ಬಕ್ಕೆ ಹೊಲಿಯಲು ಪುರುಸೊತ್ತೇ ಆಗಿರಲಿಲ್ಲ. ಮನೆಯಲ್ಲಿ ಹುಡುಗಿ ಲಾಡಿ ಕಟ್ಟುವ ಹಳೆ ಲಂಗದಲ್ಲೇ ಓಡಾಡಿಕೊಂಡಿದ್ದಳು. ಹಳದಿ ಫ್ರಾಕು ಆಗ ಮೊಣಕಾಲು ಮುಚ್ಚುತ್ತಿತ್ತು. ಈಗಲೂ ಮುಚ್ಚುತ್ತದೆ, ಇನ್ನೇನಾಗುತ್ತದೆ?

ಕತ್ತರಿಯ ಸದ್ದಿಗೆ ಪುಟ್ಟಲಕ್ಷ್ಮಮ್ಮ ಹಿತ್ತಲಿನಿಂದ ಒಳಗೆ ಬಂದಳು. ಗೊರಟಿನಂಥ ಮುದುಕಿ, ಕಣ್ಣು ಮಾತ್ರ ಚೂಪು.

"ಮಡಿಕೆಗೆ ಎಲ್ಲವ್ವ ಬಟ್ಟೆ?"

"ಇಲ್ಲ ಅತ್ತೆ. ಈ ಸಲ ಬುಡಾಕಿಲ್ಲ."

"ಮಡಿಕೆ ಬುಡ್ದೆ ಒಲಿಬ್ಯಾಡ ಕಣವ್ವ. ಬೆಳ್ಯೋ ಮಗ."

ಮಾಯಮ್ಮ ಕತ್ತರಿಯನ್ನು ಚಾಪೆಯ ಮೇಲೆ ಕುಕ್ಕಿದಳು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂತು. "ಎಷ್ಟ್ ಮಡಿಕೆ ಬುಟ್ಟೀನಿ ಅತ್ತೆ? ಒಂದ್ನಾರ ಬಿಚ್ಚಿದ್ದೀನಾ? ವರ್ಸ ವರ್ಸ ನಾನ್ ಮಡಚೋದು, ಅದು ಅಂಗೇ ಇರೋದು. ಸಾಕಾಗೋಗದೆ. ಬೆಳೆಯಾಕಿಲ್ಲ ಅಂದ್ರೆ ಬೆಳೆಯಾಕಿಲ್ಲ. ಒಂದಿನ ಚೆಂದಾಗಾರ ಕಾಣ್ಲಿ ಬುಡಿ."

ಮುದುಕಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅಡಿಕೆ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಎದ್ದುಹೋದಳು. ಅತ್ತೆ ಎದುರುತ್ತರ ಕೊಡದೆ ಹೋದದ್ದು ಅದೇ ಮೊದಲು ಎಂಬುದು ಮಾಯಮ್ಮನಿಗೆ ಹೊಳೆಯಲೂ ಇಲ್ಲ. ಅಷ್ಟು ದಣಿದಿದ್ದಳು.

ಫ್ರಾಕು ನಾಲ್ಕು ದಿನ ಗಿರಾಕಿಗಳ ಕೆಲಸದ ನಡುನಡುವೆ ನುಸುಳಿಕೊಂಡು ಮುಗಿಯಿತು. ಕೈ ಸೋತಿದ್ದರೂ ಕೆಲಸ ಸೋಲಲಿಲ್ಲ. ಬುಗ್ಗೆ ತೋಳು ಹೂರಣ ತುಂಬಿದ ಕಡುಬಿನಂತೆ ಉಬ್ಬಿತು. ಮುಂದೆಯೂ ಹಿಂದೆಯೂ ಒಂದು ಹೂವೂ ತಲೆ ಬಗ್ಗಿಸದೆ ನೆಟ್ಟಗೆ ನಿಂತಿತು. ಗುರುವಾರ ಸಂಜೆ ಮಗಳು ಸ್ಕೂಲಿನಿಂದ ಬರುತ್ತಲೇ, "ಬಾರೇ ಇಲ್ಲಿ" ಎಂದು ಯೂನಿಫಾರಂ ಬಿಚ್ಚಿಸಿ ತೊಡಿಸಿದಳು.

ತೊಡಿಸಿ ಹಿಂದಕ್ಕೆ ಸರಿದು ನೋಡಿದಳು.

ಫ್ರಾಕು ಗಿಡ್ಡವಾಗಿತ್ತು. ಮೊಣಕಾಲು ಪೂರ್ತಿ ಹೊರಗೆ, ಅದರ ಮೇಲೂ ಎರಡು ಬೆರಳು. ಹಳದಿ ಫ್ರಾಕಿನ ಅಳತೆಗೆ ಸೊಂಟದಲ್ಲಿ ಕೂರಬೇಕಾದ ಪಟ್ಟಿ ಪಕ್ಕೆಲುಬಿನ ಮೇಲೆ ಹತ್ತಿ ಕುಳಿತಿತ್ತು.

"ಥೂ ನನ್ ಕೈಗಿಷ್ಟು! ಕಣ್ಣೇ ಓಗ್ಬುಟ್ಟದೆ ನಂಗೆ" ಎಂದು ಹಣೆ ಚಚ್ಚಿಕೊಂಡಳು. ಇದ್ದದ್ದೇ ಅಷ್ಟು ಬಟ್ಟೆ, ಅದನ್ನೂ ಕೆಡಿಸಿದೆನಲ್ಲ. ಫ್ರಾಕು ಬಿಚ್ಚಿಸಿ ಹಳದಿ ಫ್ರಾಕಿನ ಮೇಲೆ ಹಾಸಿ ಹೆಗಲಿಗೆ ಹೆಗಲು ಕೂಡಿಸಿ ನೋಡಿದಳು. ಅಂಚಿಗೆ ಅಂಚು ಸರಿಯಾಗಿ ಕೂತಿತು. ನೂಲಿನಷ್ಟೂ ವ್ಯತ್ಯಾಸವಿಲ್ಲ. ಮತ್ತೊಮ್ಮೆ ನೋಡಿದಳು. ಕತ್ತರಿಸಿದ್ದರಲ್ಲಿ ತಪ್ಪಿರಲಿಲ್ಲ.

ಶೆಮೀಜಿನಲ್ಲಿ ಚಳಿಗೆ ಕೈ ಕಟ್ಟಿಕೊಂಡು ನಿಂತಿದ್ದ ಮಾನಸಾ ತುಟಿ ಕಚ್ಚಿಕೊಂಡು ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಅಜ್ಜಿ ನಿಂತಿದ್ದಳು.

"ಏನೇ ಅದು? ಏನ್ ನೋಡ್ತೀಯ?"

"ಅಜ್ಜಿ ಹೇಳ್ಬೇಡ ಅಂದವ್ರೆ" ಅಂದಳು ಹುಡುಗಿ.

ಮಾಯಮ್ಮನ ಕಣ್ಣು ಕೆಳಗೆ ಬಿದ್ದಿದ್ದ ಯೂನಿಫಾರಮ್ಮಿನ ಮೇಲೆ ಹೋಯಿತು. ಎತ್ತಿಕೊಂಡಳು. ಒಗೆದು ಒಗೆದು ಬೂದಿಯಂತಾಗಿದ್ದ ನೀಲಿಯ ಕೆಳಗೆ, ಅಂಚಿನ ಸುತ್ತ, ಗಾಢ ನೀಲಿಯ ಒಂದು ಪಟ್ಟೆ ಹೊಚ್ಚ ಹೊಸದಾಗಿ ಕಾಣುತ್ತಿತ್ತು. ಪಟ್ಟೆಯ ಮೇಲ್ಗಡೆ ಹಳೆಯ ಹೊಲಿಗೆ ಬಿಚ್ಚಿದ ಸೂಜಿತೂತುಗಳ ಸಾಲು. ಮಡಿಕೆಯೊಳಗಿನ ಬಟ್ಟೆ! ಯಾರೋ ಒಂದು ಮಡಿಕೆ ಬಿಚ್ಚಿ ಕೈಹೊಲಿಗೆ ಹಾಕಿದ್ದರು. ದಿನಾ ಬೆಳಿಗ್ಗೆ ಇದನ್ನು ತೊಟ್ಟೇ ಹುಡುಗಿ ಕಣ್ಣಮುಂದೆ ಸ್ಕೂಲಿಗೆ ಹೋಗಿದ್ದಳು. ಊರಿನ ಹೆಂಗಸರ ಸೊಂಟ ಕಂಡ ಕಣ್ಣಿಗೆ ಇದು ಕಂಡಿರಲಿಲ್ಲ.

"ದಸರಾ ರಜದಾಗೆ ಬಿಚ್ಚಿದ್ದು" ಎಂದಳು ಪುಟ್ಟಲಕ್ಷ್ಮಮ್ಮ ಮೆಲ್ಲಗೆ. "ಒಗ್ಯೋಳು ನಾನಲ್ವ. ತೊಡ್ಸಿದ್ರೆ ಮಂಡಿ ಕಾಣ್ತು. ನೀನು ಮಿಷನ್ ಮ್ಯಾಲೆ ಕುಂತಿದ್ದೆ."

"ನಂಗ್ಯಾಕೆ ಏಳ್ನಿಲ್ಲ ಅತ್ತೆ?"

"ಬಾಯ್ ಬುಟ್ಟು ಏಳ್ತಾರಾ ಅದ್ನ! ದೃಷ್ಟಿ ಆಗಾಕಿಲ್ವ? ಎಷ್ಟ್ ವರ್ಸಕ್ಕೆ ಒಂದೀಟು ಚಿಗುರೈತೆ. ಎತ್ತವ್ವನ ಕಣ್ಣೇ ಮೊದ್ಲು ತಾಗಾದು. ಇನ್ನೊಂದ್ ಮಡಿಕೆ ಬಿಚ್ಚೋಗಂಟ ಸುಮ್ಕಿರಾನ ಅಂತಿದ್ದೆ."

ಮಾಯಮ್ಮ ಯೂನಿಫಾರಮ್ಮನ್ನು ಮಿಷನ್ನಿನ ಮೇಲೆ ಹಾಕಿದಳು. ಮಗಳ ರಟ್ಟೆ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದಳು. ಹಳೆಯ ದಪ್ಪ ಗೆರೆ ಕಾಣಿಸಲಿಲ್ಲ. ತಲೆಯ ಹಿಂದೆ ಮರೆಯಾಗಿತ್ತು. ನೆತ್ತಿಯ ಮಟ್ಟಕ್ಕೆ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಮಗಳನ್ನು ಸರಿಸಿ ನೋಡಿದಳು, ಗೆರೆ ಅಂಗೈಗಿಂತ ಎಷ್ಟೋ ಕೆಳಗಿತ್ತು.

"ಎಷ್ಟಮ್ಮ? ಎಷ್ಟಿದೀನಿ?" ಹುಡುಗಿ ಕುಣಿದಾಡಿದಳು.

"ಏಳ್ಬ್ಯಾಡ!" ಅಜ್ಜಿ ಕೂಗಿದಳು. "ಮಾಯಿ, ಬಾಯಾಗೆ ಏಳ್ಬ್ಯಾಡ!"

ಮಾಯಮ್ಮ ಹೇಳಲಿಲ್ಲ. ಗೆರೆಯನ್ನೂ ಎಳೆಯಲಿಲ್ಲ. ಹೊಸ್ತಿಲ ಪಕ್ಕ ಹಾಗೇ ಕುಸಿದು ಕುಳಿತಳು. ಇಷ್ಟು ವರ್ಷ ಬಯಸಿದ್ದು ಕೈಗೆ ಸಿಕ್ಕಾಗ ಕುಣಿಯಬೇಕೆಂದು ಅಂದುಕೊಂಡಿದ್ದವಳಿಗೆ ಮೊದಲು ಬಂದದ್ದು ನಿದ್ದೆ. ಅಲ್ಲೇ ಮಲಗಿಬಿಡೋಣ ಅನ್ನಿಸಿತು. ಮಗಳು ಬಂದು ಮಡಿಲಲ್ಲಿ ಕುಳಿತಳು. ಕಾಲುಗಳು ಮಡಿಲಿನಿಂದ ಆಚೆ ಚಾಚಿಕೊಂಡಿದ್ದವು. ಇದೂ ಯಾವಾಗಿನಿಂದ ಹೀಗೆ?

"ಅಮ್ಮ, ಫ್ರಾಕು?"

ಹೌದು, ಫ್ರಾಕು. ನಾಡಿದ್ದೇ ಸ್ಕೂಲ್ ಡೇ. ಹೂವಿನ ಬಟ್ಟೆಯಲ್ಲಿ ಉಳಿದಿದ್ದು ಬೆರಳಗಲದ ಚಿಂದಿ ಮಾತ್ರ. ಪಟ್ಟಿ ಮೇಲೆ ಹತ್ತಿದ್ದಕ್ಕೆ ಚಿಂತೆಯಿರಲಿಲ್ಲ, ಡಬ್ಬಿ ಹುಡುಗಿಯದೂ ಎದೆಯ ಕೆಳಗೇ ಇತ್ತು. ಕೆಳಗಿನ ಅಂಚಿಗೇ ಬೇರೆ ಬಟ್ಟೆ ಕೊಡಬೇಕು. ರವಿಕೆಗಳ ಲೈನಿಂಗಿನಲ್ಲಿ ಮಿಕ್ಕ ತುಂಡುಗಳ ಗಂಟು ಬಿಚ್ಚಿ ಕೂತಳು. ಕೆನೆಬಣ್ಣದ್ದು ಯಾವುದೂ ಸಾಕಾಗುವಷ್ಟಿರಲಿಲ್ಲ. ಉದ್ದಕ್ಕೆ ಸಿಕ್ಕಿದ್ದು ಒಂದೇ, ಗಿಳಿಹಸಿರು.

"ಇದ್ ಆಕುದ್ರೆ ದೂರುಕ್ಕೇ ಒಡ್ದು ಕಾಣ್ತದೆ ಅತ್ತೆ. ತೇಪೆ ಅಂತಾರೆ."

"ಅನ್ಲಿ ಬುಡು. ಚೆಂದಾಗಿರೋ ಮಗೀಗೆ ಕೆನ್ನೆ ಮ್ಯಾಲೆ ದೃಷ್ಟಿಬೊಟ್ಟು ಇಕ್ಕಾಕಿಲ್ವ? ಇದೂ ಅಂಗೇಯ."

ಮಾಯಮ್ಮ ಟೇಪು ತೆಗೆದು ಮಗಳ ಸೊಂಟದಿಂದ ಮೊಣಕಾಲಿನವರೆಗೆ ಇಟ್ಟಳು. ಎಷ್ಟಿತ್ತೋ ಅದನ್ನು ತುಟಿಯೊಳಗೇ ನುಂಗಿಕೊಂಡಳು. ಹಸಿರು ಪಟ್ಟಿಯನ್ನು ಬೇಕಾದ್ದಕ್ಕಿಂತ ಅಗಲವಾಗಿ ಕತ್ತರಿಸಿ, ಹೆಚ್ಚಾದದ್ದನ್ನು ಒಳಗೆ ಮಡಚಿದಳು. ಒಂದು ಮಡಿಕೆ. ಬಟ್ಟೆ ಇನ್ನೂ ಇತ್ತು, ಇನ್ನೊಂದು. ಪೆಡಲು ತುಳಿಯುವಾಗ ಮಂಡಿ ಮೊದಲಿನಷ್ಟೇ ನೋಯಿತು.

ಸ್ಕೂಲ್ ಡೇ ದಿನ ಮಾನಸಾ ಮುಂದಿನ ಸಾಲಿನಲ್ಲೇ ನಿಂತಳು. ಬೇರೆಯವರಿಗಿಂತ ಗಿಡ್ಡಗೇ ಇದ್ದಳು. ಶಾಮಿಯಾನದಡಿ ಕಬ್ಬಿಣದ ಕುರ್ಚಿಯಲ್ಲಿ ತೂಕಡಿಸುತ್ತ ಕುಳಿತಿದ್ದ ಮಾಯಮ್ಮನನ್ನು ಪಕ್ಕದ ಬೀದಿಯ ಸಣ್ಣಕ್ಕ ಮೊಣಕೈಯಿಂದ ತಿವಿದಳು. ಅವಳ ಮಗಳು ಹಿಂದಿನ ಸಾಲಿನಲ್ಲಿ ರೆಡಿಮೇಡ್ ಫ್ರಾಕಿನಲ್ಲಿದ್ದಳು.

"ಅಲ್ಲ ಕಣೆ ಮಾಯಿ, ಊರ್ಗೆಲ್ಲ ಒಲಿಯೋಳು ನೀನು. ನಿನ್ ಮಗಳ್ ಫ್ರಾಕ್ಗೇ ಇಂಗೆ ಹಸ್ರು ತೇಪೆ ಆಕಿದ್ದೀಯಲ್ಲೇ! ಏನಾಯ್ತೆ?"

ವೇದಿಕೆಯ ಮೇಲೆ ಮಾನಸಾ ಗಿರಕಿ ಹೊಡೆದಳು. ಕೆಂಪು ಹೂವುಗಳೆಲ್ಲ ಕೊಡೆಯಂತೆ ಬಿಚ್ಚಿಕೊಂಡವು, ಕೆಳಗೆ ಗಿಳಿಹಸಿರು ಸುತ್ತ ಹಾರಿತು. ಮಾಯಮ್ಮ ಅತ್ತ ನೋಡಿದಳು, ಬಾಯಿಗೆ ಬಂದದ್ದನ್ನು ತಡೆದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಟ್ಟೆ ಸಾಲ್ಲಿಲ್ಲ ಕಣಕ್ಕ" ಎಂದಳು.