ನೂರನೇ ವೋಟು

ಫೋರ್ ಎಸ್ ರ್ಯಾಂಚ್ ಬಡಾವಣೆಯ ಶಾಲೆಯ ಹಾಲ್ ಯಾವ ಶನಿವಾರ ಸಿಗುತ್ತದೋ ಅಂದೇ ಅಮೆರಿಕದ ಸ್ಯಾನ್ ಡಿಯೇಗೊ ಕನ್ನಡಿಗರಿಗೆ ರಾಜ್ಯೋತ್ಸವ. ಆ ದಿನ ಊರಿಗೆ ಯಾವ ದೊಡ್ಡ ಮನುಷ್ಯ ಬಂದಿದ್ದರೂ ಸರಿ, ಹಿಡಿದು ತಂದು ಪೇಟ ತೊಡಿಸಿ ಶಾಲು ಹೊದಿಸುವುದು ಸಂಘದ ಪದ್ಧತಿ. ಈ ಸಲ ಸಿಕ್ಕವರು ಉದಯಶಂಕರ್. ಮೂಲ ದಾವಣಗೆರೆ, ಈಗ ಇಂಗ್ಲೆಂಡಿನ ಕುರಿ ಸಾಕುವ ಹಳ್ಳಿಗಳಿಂದ ಗೆದ್ದ ಎಂಪಿ.

ನಿರೂಪಣೆ ನೌಶೀನ್‌ಳದು. ಇಲ್ಲಿ ಎಂಎಸ್ ಓದುತ್ತಿರುವ ಈ ಮೈಸೂರಿನ ಹುಡುಗಿ ಮೈಕ್ ಹಿಡಿದರೆ ಊಟದ ಅನೌನ್ಸ್‌ಮೆಂಟಿಗೂ ಶಿಳ್ಳೆ ಬೀಳುತ್ತದೆ. ಇವತ್ತು ಮಾತ್ರ ಅವಳಿಗೆ ಮೈಯೆಲ್ಲ ಉರಿ. ಅಕ್ಕ ಇಲ್ಮಾ ಮದುವೆಯಾಗಿ ಹೋಗಿದ್ದು ಇದೇ ಉದಯಶಂಕರರ ಕ್ಷೇತ್ರಕ್ಕೆ. ಈಗ ತುಂಬು ಬಸುರಿ. ಅಲ್ಲಿನ ಹೆರಿಗೆ ವಾರ್ಡಿಗೆ ಬೀಗ ಬೀಳುವುದರಲ್ಲಿದೆ. ಅದು ಬಿಟ್ಟರೆ ಮುಂದಿನ ಆಸ್ಪತ್ರೆಗೆ ಗುಡ್ಡ ಹತ್ತಿಳಿದು ಎರಡು ಗಂಟೆ ದಾರಿ.

ಹಳ್ಳಿಯ ವಾರ್ಡುಗಳನ್ನು ಉಳಿಸುವ ಮಸೂದೆ ನಿನ್ನೆ, ಶುಕ್ರವಾರ, ಅಲ್ಲಿನ ಪಾರ್ಲಿಮೆಂಟಿಗೆ ಬಂದಿತ್ತು. ಅದು ಬೇಡವೆನ್ನುವ ಪುಣ್ಯಾತ್ಮನೊಬ್ಬ ಎದ್ದು ನಿಂತು ಹೊತ್ತು ಮುಗಿಯಲಿ ಎಂದೇ ಕೊರೆಯತೊಡಗಿದ. ಅವನ ಬಾಯಿ ಮುಚ್ಚಿಸಲು ನೂರು ಸದಸ್ಯರ ವೋಟು ಬೇಕು. ಬಿದ್ದದ್ದು ತೊಂಬತ್ತೊಂಬತ್ತು. ಹೊತ್ತು ಮೀರಿ ಮಸೂದೆ ಸತ್ತಿತು. ‘ವೋಟಿಗೆ ಬಂದೇ ಬರ್ತೀನಿ’ ಎಂದು ಇಲ್ಮಾಗೆ ಮಾತು ಕೊಟ್ಟಿದ್ದ ಉದಯಶಂಕರ್ ಆ ಹೊತ್ತಿಗೆ ಇಲ್ಲಿನ ಡೆಲ್ ಮಾರ್ ಬೀಚಿನ ಹೋಟೆಲಿನಲ್ಲಿದ್ದರು.

“ಬಿಲ್ಡಪ್ ಜೋರಾಗಿರ್ಲಿ ಕಣೇ, ಹೀರೋ ಎಂಟ್ರಿ ಥರ,” ಎಂದರು ಕಾರ್ಯದರ್ಶಿ ಅನಸೂಯ ಆಂಟಿ.

“ಸೀಟು ಹರಿಯೋ ಥರ ಕೊಡ್ತೀನಿ ಆಂಟಿ.”

ಪೇಟ ತೊಟ್ಟು ಉದಯಶಂಕರ್ ವೇದಿಕೆಯಲ್ಲಿ ಕೂತರು. ನೌಶೀನ್ ಮೈಕ್ ಎತ್ತಿದಳು.

“ಹಳ್ಳಿ ಕೂಗಿದ್ರೆ ಪಾರ್ಲಿಮೆಂಟ್ ನಡುಗ್ಬೇಕು! ನಡುಗಿಸೋಕೆ ಇವರು ಅಲ್ಲಿರ್ಬೇಕು!” ಶಿಳ್ಳೆ ಬಿತ್ತು. “ನಿನ್ನೆ ಎಲ್ಲಿದ್ರಿ ಸರ್?”

ಉದಯಶಂಕರ್ ನಕ್ಕರು. “ಏನಮ್ಮಾ, ಕ್ವಿಜ್ಜಾ?”

“ಹೆರಿಗೆ ವಾರ್ಡಿನ ಮಸೂದೆ ಸರ್.”

“ಓ ಅದಾ. ಫ್ರೈಡೇ ಅಲ್ಲಿ ಯಾರೂ ಇರಲ್ಲ ತಾಯಿ. ನಾನೊಬ್ಬ ಇದ್ದಿದ್ರೆ ಏನಾಗ್ತಿತ್ತು?”

“ನೂರಾಗ್ತಿತ್ತು.”

ಮೈಕ್ ಸತ್ತಿತು. ಆಂಟಿ ವೈರ್ ಕಿತ್ತಿದ್ದರು. ಗಡಿಬಿಡಿಯಲ್ಲೇ ಶಾಲು ಹೊದಿಸಿ, ಅತಿಥಿಗಳನ್ನು ಊಟಕ್ಕೆ ಎಬ್ಬಿಸಿದ್ದೂ ಆಯಿತು.

“ಸಂಘದ ಮಾನ ಕಳೆದ್ಯಲ್ಲೇ!”

“ನಮ್ಮಕ್ಕ ನಡು ರಸ್ತೇಲಿ ಹೆತ್ರೆ ಅದಕ್ಕೂ ಒಂದು ಶಾಲು ಹೊದಿಸಿ ಆಂಟಿ,” ಎಂದವಳೇ ನೌಶೀನ್ ಅಕ್ಕನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿ ನೇರ ಊಟದ ಸಾಲಿಗೆ ನುಗ್ಗಿದಳು. ಉದಯಶಂಕರರ ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಇನ್ನೊಂದರಲ್ಲಿ ಜಾರುತ್ತಿದ್ದ ಶಾಲು. ಫೋನ್ ತಳ್ಳಲು ಮೂರನೇ ಕೈ ಇರಲಿಲ್ಲ.

“ನಿಮ್ಮ ವೋಟರ್ ಲೈನಲ್ಲಿದ್ದಾಳೆ. ನಂಗೆ ಹೊಡೆದ ಡೈಲಾಗ್ ಅವಳಿಗೂ ಹೊಡೀರಿ.”

“ಸರ್,” ಇಲ್ಮಾಳ ದನಿ ದಣಿದಿತ್ತು, “ನೋವು ಶುರುವಾದ್ರೆ ಯಾವ ಕಡೆ ಹೋಗ್ಲಿ?”

ಉದಯಶಂಕರ್ ಹಿಂದೆ ತಿರುಗಿ ನೋಡಿದರು. ಹಸಿದ ಜನ ಸಾಲಿನಲ್ಲಿ ಹಿಂದೆಯೇ ನಿಂತಿದ್ದರು. ‘ಸರ್, ಮುಂದೆ ಹೋಗಿ’ ಎಂದು ಒಬ್ಬರೂ ಅನ್ನಲಿಲ್ಲ.