ಗೌಜಿಯಲ್ಲಿ ಬಲಿಯಾದ ಮಸೂದೆ

ಕ್ಲಾಸಿನಲ್ಲಿ ಅಮ್ಮ ಕೈ ಎತ್ತಿದಾಗಲೆಲ್ಲ ಮೋಕ್ಷಿತಾಳಿಗೆ ಬೆಂಚಿನಡಿಗೆ ನುಸುಳಿಬಿಡೋಣ ಅನಿಸುತ್ತಿತ್ತು. ಮಗಳ ಜೊತೆಯೇ ಬಿ.ಎ.ಗೆ ಸೇರಿದ ಕುಮುದಿನಿ ಕೂರುವುದು ಮುಂದಿನ ಬೆಂಚಿನಲ್ಲಿ. ಸರ್ ಪ್ರಶ್ನೆ ಮುಗಿಸುವ ಮೊದಲೇ ಅವಳ ಕೈ ಮೇಲೆ. ಮಗಳು ಕೂರುವುದು ಕೊನೆಯ ಬೆಂಚಿನಲ್ಲಿ, ಗೆಳತಿ ಹಸ್ನಾಳ ಬೆನ್ನಿನ ಮರೆಗೆ.

ಹೀಗೆ ಕೊನೆಯ ವರ್ಷದವರೆಗೆ ಬಂದಾಗ ಆ ಸುದ್ದಿ ಬಂತು. ಮಕ್ಕಳು ಕಡಿಮೆ ಇರುವ ಸರಕಾರಿ ಕಾಲೇಜುಗಳನ್ನು ದೊಡ್ಡ ಕಾಲೇಜುಗಳಿಗೆ ಸೇರಿಸುವ ಮಸೂದೆ ಈ ಅಧಿವೇಶನದಲ್ಲೇ ಬರುತ್ತದಂತೆ, ಪಾಸಾದ ಕೂಡಲೇ ಜಾರಿಯಂತೆ. ನೆಟ್ಟಣದ ಹತ್ತಿರದ ಅವರ ಕಾಲೇಜು ಮುಚ್ಚಿದರೆ ಎಲ್ಲರೂ ಪುತ್ತೂರಿಗೆ ಹೋಗಬೇಕು. ಮೋಕ್ಷಿತಾ ಹೋದಾಳು, ಅಮ್ಮ ಹೋಗಲಾರಳು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಕೊಟ್ಟು, ಸಂಜೆ ಮತ್ತೆ ಕರೆಯಲು ಹಟ್ಟಿಗೆ ಓಡಿ ಬರಬೇಕಾದವಳಿಗೆ ನಡೆದು ಹೋಗಿ ಬರುವ ಕಾಲೇಜೇ ಆಗಬೇಕು.

"ಬಿಲ್ ಪಾಸಾದ್ರೆ ನಾನು ಬಿಡುದೇ ಮಾರಾಯ್ತಿ," ಎಂದು ಅಮ್ಮ ಹುಲ್ಲಿನ ಕಟ್ಟು ಬಿಚ್ಚುತ್ತ ಹೇಳಿದ್ದಳು. "ನಿಂಗೂ ಆರಾಮ. ನನ್ನಿಂದ ನಾಚಿಕೆ ಆಗುದು ತಪ್ಪಿತು."

ಮೋಕ್ಷಿತಾಳಿಗೆ ಆರಾಮ ಅನಿಸಲಿಲ್ಲ. ಅಂದಿನಿಂದ ಅವಳಿಗೆ ಒಂದೇ ಮಂಡೆಬೆಚ್ಚ, ಅಮ್ಮನ ಓದು ಅರ್ಧಕ್ಕೇ ನಿಂತೀತೆಂಬ ಚಿಂತೆ.

ಅಧಿವೇಶನದ ಕೊನೆಯ ದಿನ ಅವಳು ಭಾಷಣ ಸ್ಪರ್ಧೆಗೆಂದು ಪುತ್ತೂರಿಗೆ ಹೋಗಿದ್ದಳು. ಅರ್ಧದಲ್ಲಿ ಭಾಷಣ ಮರೆತುಹೋಗಿ, ಬೆಳಿಗ್ಗೆಯೇ ಕೆಲಸ ಮುಗಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಸದನ ನೋಡಿದಳು. ಬೇರೆ ಶಿಕ್ಷಣ ಮಸೂದೆಗಳೆಲ್ಲ ಚರ್ಚೆಯೇ ಇಲ್ಲದೆ ಒಂದರ ಹಿಂದೆ ಒಂದು ಪಾಸಾದವು. ಇವರ ಮಸೂದೆಯ ಸರದಿ ಬಂದಾಗ ಯಾವುದೋ ಮಾತಿಗೆ ಜಗಳ ಹತ್ತಿ ಸದಸ್ಯರು ಪೀಠದ ಮುಂದೆ ನುಗ್ಗಿದರು. ಬೊಬ್ಬೆ ನಿಲ್ಲಲೇ ಇಲ್ಲ. ಸಭಾಧ್ಯಕ್ಷರು ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಿ ಎದ್ದು ಹೋದರು. ಮಸೂದೆ ಅಲ್ಲಿಗೇ ನಿಂತಿತು.

ಮೋಕ್ಷಿತಾ ಮನೆಗೆ ಫೋನು ಮಾಡಿದಳು. ಎತ್ತಿದ್ದು ಅಪ್ಪನ ಅಮ್ಮ, ಅಮ್ಮು ಅಜ್ಜಿ.

"ಅಜ್ಜಿ, ಅಮ್ಮನಿಗೆ ಹೇಳಿ. ವಿಧಾನಸಭೆಯಲ್ಲಿ ಭಾರೀ ಗೌಜಿ. ನಮ್ಮ ಮಸೂದೆ ಬಲಿ ಆಯ್ತು."

"ಗೌಜಿ ಉಂಟಾ? ಬಲಿಯೂ ಆಯ್ತಾ?"

"ಪೂರಾ ಆಯ್ತು ಅಜ್ಜಿ. ಬಸ್ಸು ಬಂತು, ಇಡ್ತೇನೆ."

ಬಸ್ಸು ಕಡಬ ದಾಟುವಾಗ ಹಸ್ನಾಳ ಫೋನು ಬಂತು.

"ಮೋಕ್ಷೀ, ನಿನ್ನ ಅಮ್ಮ ಲೈಬ್ರರಿ ಪುಸ್ತಕ ಎಲ್ಲ ವಾಪಸ್ ಕೊಟ್ರು. ಈಗ ಆಫೀಸಲ್ಲಿ ಟಿಸಿ ಕೇಳ್ತಾ ಇದ್ದಾರೆ. ಎಂತ ಕಥೆ?"

"ಅವರಿಗೆ ಫೋನು ಕೊಡು. ಓಡು."

ಹಸ್ನಾ ಓಡಿದ್ದು ಕೇಳಿಸಿತು. ಆಮೇಲೆ ಅಮ್ಮನ ತಣ್ಣಗಿನ ದನಿ. "ಹೇಳು."

"ಎಂತಕ್ಕೆ ಟಿಸಿ?"

"ಬಿಲ್ ಪಾಸಾಯ್ತಲ್ಲ. ಅತ್ತೆ ಹೇಳಿದ್ರು. ಗೌಜಿಯಲ್ಲಿ ಬಲಿ ಆಗಿದೆ, ಇನ್ನು ಪ್ರಸಾದ ಮಾತ್ರ ಬಾಕಿ ಅಂತ."

ಮೋಕ್ಷಿತಾ ಹಣೆ ಚಚ್ಚಿಕೊಂಡಳು. ಅಜ್ಜಿಗೆ ಗೊತ್ತಿರುವ ಗೌಜಿ ಜಾತ್ರೆಯ ಸಂಭ್ರಮ, ಬಲಿ ದೇವಸ್ಥಾನದ್ದು. ಚೆಂಡೆ ವಾದ್ಯಗಳ ಗೌಜಿಯಲ್ಲಿ ಅರ್ಚಕರ ತಲೆಯೇರಿದ ದೇವರು ಗುಡಿಗೆ ಸುತ್ತು ಬರುವುದು. ಬಲಿ ಆಯಿತೆಂದರೆ ಎಲ್ಲವೂ ಸಾಂಗವಾಗಿ ನೆರವೇರಿತೆಂದೇ ಲೆಕ್ಕ.

"ಅಮ್ಮ, ಅದು ದೇವರ ಬಲಿ ಅಲ್ಲ, ಕೋಳಿ ಬಲಿ. ಬಿಲ್ ಸತ್ತಿತು."



"ಹಾಗಾದ್ರೆ ಕಾಲೇಜು ಉಂಟಾ?"

"ಉಂಟು. ಮುಂದಿನ ಅಧಿವೇಶನಕ್ಕೆ ಮತ್ತೆ ತಂದ್ರೂ ತರಬಹುದು. ಅಷ್ಟರಲ್ಲಿ ನಮ್ಮ ಪರೀಕ್ಷೆ ಮುಗಿದಿರ್ತದೆ."

ಅಮ್ಮ ಫೋನು ಹಿಡಿದುಕೊಂಡೇ ಆಚೆ ತಿರುಗಿ ಹೇಳಿದ್ದು ಕೇಳಿಸಿತು. "ಸರ್, ಟಿಸಿ ಬೇಡ. ನಮ್ಮ ಅತ್ತೆಗೆ ಕೇಳಿದ್ದು ತಪ್ಪಿದೆ."

"ನಾನು ಬರೀಲಿಕ್ಕೆ ಕೂತದ್ದೇ ಇಲ್ಲ ಕುಮುದಿನಕ್ಕ," ಎಂದರು ಪಾಠವನ್ನೂ ಮಾಡುವ ಪ್ರಿನ್ಸಿಪಾಲ ಜಯಪ್ರಕಾಶ್ ಸರ್. "ನೀವು ಹೋದ್ರೆ ನನ್ನ ಕ್ಲಾಸಲ್ಲಿ ಉತ್ತರ ಹೇಳುದು ಯಾರು? ನಿಮ್ಮ ಮಗಳಾ?"

ಆಫೀಸಿನಲ್ಲಿದ್ದವರೆಲ್ಲ ನಕ್ಕದ್ದು ಬಸ್ಸಿನವರೆಗೂ ಕೇಳಿಸಿತು. ಮೋಕ್ಷಿತಾಳಿಗೂ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಅಮ್ಮ, ನಾಳೆ ನಂಗೂ ಮುಂದಿನ ಬೆಂಚಲ್ಲಿ ಜಾಗ ಹಿಡಿ."

"ಬೇಡಪ್ಪ. ನೀನು ಪಿಸಿಪಿಸಿ ಮಾತಾಡ್ತಿ, ನಂಗೆ ಪಾಠ ಕೇಳುದಿಲ್ಲ. ಹಿಂದೆಯೇ ಕೂತ್ಕೋ," ಎಂದಳು ಕುಮುದಿನಿ. "ಈಗ ಫೋನು ಇಡು. ಲೈಬ್ರರಿ ಬಾಗಿಲು ಹಾಕುವ ಮೊದಲು ಪುಸ್ತಕ ವಾಪಸ್ ತರ್ಲಿಕ್ಕುಂಟು."